ಸೋಲಿಂಗೆನ್‌ನ ಎರಡು ರಾತ್ರಿಗಳು

ಪಶ್ಚಿಮ ಜರ್ಮನಿಯಲ್ಲಿ, ಕೊಲೋನ್ ನಗರಕ್ಕೆ ಹತ್ತಿರದಲ್ಲಿರುವ ಸೋಲಿಂಗೆನ್ ಚಾಕು, ಕತ್ತರಿಗಳಿಗೆ ಹೆಸರಾದ ಊರು. 1993ರ ಮೇ 29ರ ನಡುರಾತ್ರಿ ಕಳೆದ ಮೇಲೆ ನಾಲ್ವರು ಯುವಕರು ಅಲ್ಲಿ ಟರ್ಕಿಯಿಂದ ಬಂದು ನೆಲೆಸಿದ್ದ ಕುಟುಂಬವೊಂದರ ಮನೆಗೆ ಬೆಂಕಿ ಇಟ್ಟರು. ಸತ್ತವರು ಐದು ಮಂದಿ, ಐವರೂ ಹೆಣ್ಣುಮಕ್ಕಳು. ಅವರಲ್ಲಿ ತೀರಾ ಚಿಕ್ಕವಳಿಗೆ ನಾಲ್ಕು ವರ್ಷ. ಬೆಂಕಿ ಇಟ್ಟವರಲ್ಲಿ ಒಬ್ಬನಿಗೆ ಹದಿನಾರು.

ಮೂವತ್ತೊಂದು ವರ್ಷಗಳ ನಂತರ, 2024ರ ಆಗಸ್ಟ್ 23ರ ರಾತ್ರಿ, ಅದೇ ಊರು ತನ್ನ 650ನೇ ವರ್ಷದ ಹಬ್ಬ ಆಚರಿಸುತ್ತಿತ್ತು. ಆ ಹಬ್ಬಕ್ಕೆ ವೈವಿಧ್ಯದ ಉತ್ಸವ ಎಂದೇ ಹೆಸರಿಟ್ಟಿದ್ದರು. ಸಂಗೀತ ಕೇಳುತ್ತ ನಿಂತಿದ್ದ ಜನರ ನಡುವೆ ಸಿರಿಯಾದಿಂದ ಬಂದಿದ್ದ ಇಪ್ಪತ್ತಾರರ ವ್ಯಕ್ತಿಯೊಬ್ಬ ಚಾಕು ಬೀಸಿ ಮೂವರನ್ನು ಕೊಂದ, ಹಲವರನ್ನು ಗಾಯಗೊಳಿಸಿದ. ಐಸಿಸ್ ಅದನ್ನು ತನ್ನ ಕೃತ್ಯ ಎಂದು ಹೇಳಿಕೊಂಡಿತು.

ವಲಸೆಯ ಪರವಾಗಿ ವಾದಿಸುವವರು ಮೊದಲ ರಾತ್ರಿಯನ್ನು ನೆನಪಿಸುತ್ತಾರೆ, ವಿರೋಧಿಸುವವರು ಎರಡನೆಯದನ್ನು. ಒಂದನ್ನು ಹಿಡಿದವರು ಇನ್ನೊಂದರ ಹೆಸರೆತ್ತುವುದು ಕಡಿಮೆ. ಸೋಲಿಂಗೆನ್‌ನ ಜನರಿಗೆ ಹಾಗೆ ಆರಿಸಿಕೊಳ್ಳುವ ಅನುಕೂಲವಿಲ್ಲ. ಎರಡೂ ಅವರ ಬೀದಿಗಳಲ್ಲೇ ನಡೆದವು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸದ ಹೊರತು ಯುರೋಪಿನ ವಲಸೆಯ ಪ್ರಶ್ನೆ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಮೊದಲ ರಾತ್ರಿಯ ಬೇರು 1961ರಲ್ಲಿದೆ. ಆ ವರ್ಷದ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು, ಪೂರ್ವದಿಂದ ಬರುತ್ತಿದ್ದ ಕೆಲಸಗಾರರ ದಾರಿ ಮುಚ್ಚಿತು. ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಟರ್ಕಿಯೊಡನೆ ಕಾರ್ಮಿಕರ ನೇಮಕದ ಒಪ್ಪಂದ ಮಾಡಿಕೊಂಡಿತು. ಇಟಲಿ, ಸ್ಪೇನ್, ಗ್ರೀಸ್‌ಗಳ ಜೊತೆ ಅದಾಗಲೇ ಅಂಥ ಒಪ್ಪಂದಗಳಿದ್ದವು. ಇಸ್ತಾಂಬುಲ್‌ನ ಜರ್ಮನ್ ಕಚೇರಿಯಲ್ಲಿ ವೈದ್ಯರು ಹಲ್ಲು, ಎದೆ, ಕೈಕಾಲು ಎಲ್ಲ ನೋಡಿ ಆರಿಸಿದವರು ರೈಲು ಹತ್ತಿ ಮ್ಯೂನಿಕ್ ನಿಲ್ದಾಣದ 11ನೇ ಪ್ಲಾಟ್‌ಫಾರ್ಮಿನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಗಣಿಗೆ, ಕಾರು ಕಾರ್ಖಾನೆಗೆ, ಉಕ್ಕಿನ ಕುಲುಮೆಗೆ. ಎರಡು ವರ್ಷ ದುಡಿದು ವಾಪಸು ಹೋಗಬೇಕು, ಅವರ ಜಾಗಕ್ಕೆ ಹೊಸಬರು ಬರಬೇಕು ಎಂಬುದು ಮೂಲ ಷರತ್ತು. ಅದು ಬೇಡವೆಂದವರು ಕಾರ್ಖಾನೆಯ ಮಾಲೀಕರು. ಕೆಲಸ ಕಲಿತವನನ್ನು ಕಳಿಸಿ ಹೊಸಬನಿಗೆ ಮೊದಲಿನಿಂದ ಕಲಿಸುವುದು ಅವರಿಗೆ ನಷ್ಟವಾಗಿತ್ತು. 1964ರಲ್ಲಿ ಆ ಷರತ್ತು ಹೋಯಿತು. ಅದೇ ವರ್ಷ ಹತ್ತು ಲಕ್ಷದನೆಯ ಅತಿಥಿ ಕಾರ್ಮಿಕನೆಂದು ಗುರುತಿಸಲ್ಪಟ್ಟ ಪೋರ್ಚುಗಲ್‌ನ ಬಡಗಿಯೊಬ್ಬನಿಗೆ ಕೊಲೋನ್‌ನ ನಿಲ್ದಾಣದಲ್ಲಿ ಹೂಗುಚ್ಛ, ಮೊಪೆಡ್ ಕೊಟ್ಟು ಸ್ವಾಗತಿಸಿದರು.

1973ರ ಹೊತ್ತಿಗೆ ಹೀಗೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನ ಬಂದಿದ್ದರು, ಒಂದು ಕೋಟಿ ಹತ್ತು ಲಕ್ಷದಷ್ಟು ಜನ ಮರಳಿ ಹೋಗಿದ್ದರು. ಬಂದವರು ಹೋಗುತ್ತಾರೆ ಎಂಬ ಸರ್ಕಾರದ ಲೆಕ್ಕ ಪೂರ್ತಿ ಸುಳ್ಳಾಗಿರಲಿಲ್ಲ. ತೈಲ ಬಿಕ್ಕಟ್ಟಿನ ಆ ವರ್ಷ ನೇಮಕ ನಿಂತಿತು. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದ ಮೇಲೆ ಜನ ಹೋಗುವುದನ್ನು ಬಿಟ್ಟರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬಾಗಿಲು ಹಾಕಿದ್ದೇ ಒಳಗಿದ್ದವರು ನೆಲೆನಿಲ್ಲುವುದಕ್ಕೆ ಕಾರಣವಾಯಿತು.

ವಿದೇಶಿಯರ ವ್ಯವಹಾರಗಳಿಗೆಂದು ನೇಮಕಗೊಂಡ ಮೊದಲ ಅಧಿಕಾರಿ ಹೈಂಜ್ ಕ್ಯೂನ್ 1979ರಲ್ಲೇ ಒಂದು ವರದಿ ಕೊಟ್ಟರು. ಇವರು ಇಲ್ಲೇ ಉಳಿಯುವವರು, ಇದನ್ನು ಒಪ್ಪಿಕೊಳ್ಳಿ, ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಪೌರತ್ವದ ದಾರಿ ಸುಲಭ ಮಾಡಿ, ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕು ಕೊಡಿ ಎಂದರು. ಸರ್ಕಾರಗಳು ಬದಲಾದವು, ವರದಿ ಮೂಲೆ ಸೇರಿತು. 1983ರಲ್ಲಿ ಹೊಸ ಕಾನೂನು ಬಂತು: ದೇಶ ಬಿಟ್ಟು ಹೋಗುವ ನಿರುದ್ಯೋಗಿ ಕಾರ್ಮಿಕನಿಗೆ 10,500 ಮಾರ್ಕ್, ಮಗುವೊಂದಕ್ಕೆ 1,500 ಮಾರ್ಕ್. 1913ರ ಕಾನೂನಿನ ಪ್ರಕಾರ ಪೌರತ್ವ ರಕ್ತದಿಂದ ಬರುವಂಥದು. ಕೊಲೋನ್‌ನಲ್ಲಿ ಹುಟ್ಟಿ, ಕೊಲೋನ್‌ನ ಶಾಲೆಯಲ್ಲಿ ಓದಿ, ಆ ಊರಿನ ತಂಡಕ್ಕೆ ಫುಟ್‌ಬಾಲ್ ಆಡಿದ ಹುಡುಗನೂ ವಿದೇಶಿಯೇ. 2000ದವರೆಗೆ ಇದೇ ನಡೆಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಈ ಜನರಿಗೆ ಕೊಡಲು ಹಿಂದೆಗೆದ ದೇಶ ಅವರಿಂದ ಕೇಳಲೂ ಇಲ್ಲ. ಭಾಷೆ ಕಲಿಸುವ ಸರ್ಕಾರಿ ತರಗತಿಗಳು ದೇಶಾದ್ಯಂತ ಕಾನೂನಿನ ರೂಪದಲ್ಲಿ ಬಂದದ್ದು 2005ರಲ್ಲಿ, ಟರ್ಕಿಯ ಒಪ್ಪಂದವಾಗಿ ನಲವತ್ತನಾಲ್ಕು ವರ್ಷಗಳ ಮೇಲೆ. ಹೋಗುವವರಿಗೆ ಭಾಷೆ ಯಾಕೆ ಎಂದು ಸರ್ಕಾರದವರು ಅಂದುಕೊಂಡರು. ಬಂದವರಲ್ಲೂ ಅನೇಕರು, ಹೋಗುವವರು ನಾವು, ಭಾಷೆ ಯಾಕೆ ಎಂದುಕೊಂಡರು. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತು ನಿವೃತ್ತನಾದವನು ಆಸ್ಪತ್ರೆಯಲ್ಲಿ ತನ್ನ ನೋವು ಹೇಳಿಕೊಳ್ಳಲು ಮೊಮ್ಮಗಳನ್ನು ಕರೆದೊಯ್ಯಬೇಕಾದ ಸ್ಥಿತಿ ಹುಟ್ಟಿದ್ದು ಹೀಗೆ. ತಪ್ಪು ಎರಡೂ ಕಡೆಯದು ಎನ್ನುವುದು ಸುಲಭ. ಆದರೆ ನಿಯಮ ಮಾಡುವ ಅಧಿಕಾರ ಇದ್ದದ್ದು ಒಂದೇ ಕಡೆಗೆ. ಆದ್ದರಿಂದ ಹೆಚ್ಚಿನ ಹೊಣೆಯೂ ಆ ಕಡೆಯದೇ ಎಂದು ನಾನು ಭಾವಿಸುತ್ತೇನೆ.

1990ರ ದಶಕದ ಆರಂಭದಲ್ಲಿ ಯುಗೊಸ್ಲಾವಿಯ ಒಡೆಯಿತು, ಪೂರ್ವ ಯುರೋಪಿನ ಗಡಿಗಳು ತೆರೆದವು. 1992 ಒಂದೇ ವರ್ಷದಲ್ಲಿ ಸುಮಾರು 4 ಲಕ್ಷ 38 ಸಾವಿರ ಜನ ಜರ್ಮನಿಯಲ್ಲಿ ಆಶ್ರಯ ಕೇಳಿದರು. ಪೂರ್ವದ ರೋಸ್ಟಾಕ್‌ನಲ್ಲಿ ನಿರಾಶ್ರಿತರ ನೋಂದಣಿ ಕೇಂದ್ರ ತುಂಬಿ, ಜನ ಹೊರಗೆ ಹುಲ್ಲಿನ ಮೇಲೆ ಮಲಗಬೇಕಾಯಿತು. ಶೌಚಾಲಯದ ವ್ಯವಸ್ಥೆಯೂ ಇರಲಿಲ್ಲ. ಅಕ್ಕಪಕ್ಕದ ನಿವಾಸಿಗಳ ದೂರು ನ್ಯಾಯವಾಗಿಯೇ ಇತ್ತು. ಯಾರೂ ಕಿವಿಗೊಡಲಿಲ್ಲ. ಆಗಸ್ಟ್‌ನಲ್ಲಿ ಕಲ್ಲು, ಪೆಟ್ರೋಲ್ ಬಾಂಬುಗಳು ಹಾರಿದವು, ವಿಯೆಟ್ನಾಮಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು, ನೆರೆದ ಜನ ಚಪ್ಪಾಳೆ ತಟ್ಟಿದರು. ನ್ಯಾಯವಾದ ದೂರೊಂದು ಎಷ್ಟು ಬೇಗ ಕೊಲೆಗಡುಕತನವಾಗಬಲ್ಲದು ಎಂಬುದಕ್ಕೆ ಆ ಕೆಲವು ದಿನಗಳೇ ಸಾಕ್ಷಿ. ನವೆಂಬರ್‌ನಲ್ಲಿ ಮೋಲ್ನ್ ಊರಿನಲ್ಲಿ ಮನೆ ಸುಟ್ಟು ಮೂವರು ಸತ್ತರು. 1993ರ ಮೇ 26ರಂದು ಸಂಸತ್ತು ಸಂವಿಧಾನ ತಿದ್ದಿ ಆಶ್ರಯದ ಹಕ್ಕನ್ನು ಬಿಗಿಗೊಳಿಸಿತು. ಮೂರು ದಿನಗಳಾದ ಮೇಲೆ ಸೋಲಿಂಗೆನ್ ಉರಿಯಿತು. ಅಲ್ಲಿ ಸತ್ತವರು ಆಶ್ರಯ ಕೇಳಿ ಬಂದವರಲ್ಲ, ಎರಡು ದಶಕಗಳಿಂದ ಊರಲ್ಲೇ ಇದ್ದ ಮನೆಯವರು. ಬೆಂಕಿ ಇಟ್ಟವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ.

ಆ ರಾತ್ರಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಮೊಮ್ಮಕ್ಕಳು, ಸಂಬಂಧಿಕರ ಹುಡುಗಿಯೊಬ್ಬಳನ್ನು ಕಳೆದುಕೊಂಡ ತಾಯಿ ಮೆವ್ಲುದೆ ಗೆಂಚ್. ದ್ವೇಷ ಬೇಡ, ಒಟ್ಟಿಗೆ ಬಾಳೋಣ ಎಂದು ಆಕೆ ಮೊದಲ ದಿನಗಳಲ್ಲೇ ಹೇಳಿದರು, 2022ರಲ್ಲಿ ಸಾಯುವವರೆಗೂ ಹೇಳುತ್ತಲೇ ಇದ್ದರು. ಆಕೆ ಜರ್ಮನ್ ಪೌರತ್ವ ಪಡೆದರು, ಸೋಲಿಂಗೆನ್‌ನಲ್ಲೇ ಉಳಿದರು, 2012ರಲ್ಲಿ ರಾಷ್ಟ್ರಾಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ಮತ ಹಾಕಿದರು. ಅವರನ್ನು ಆ ಸಭೆಗೆ ಕಳಿಸಿದ್ದು ಸಂಪ್ರದಾಯವಾದಿ ಸಿಡಿಯು ಪಕ್ಷ. 1993ರ ಶೋಕಸಭೆಗೆ ಬಾರದ ಚಾನ್ಸಲರ್ ಹೆಲ್ಮುಟ್ ಕೋಲ್ ಅದೇ ಪಕ್ಷದವರು. ಒಂದು ಪಕ್ಷ, ಒಂದು ದೇಶ ಇಪ್ಪತ್ತು ವರ್ಷಗಳಲ್ಲಿ ಎಷ್ಟು ದೂರ ನಡೆಯಬಹುದು ಎಂಬುದೂ ಇದರಲ್ಲಿದೆ.

ಪೂರ್ವಗ್ರಹ ಯಾವಾಗಲೂ ಬೆಂಕಿ ಹಿಡಿದು ಬರುವುದಿಲ್ಲ. 2000ದಿಂದ 2007ರವರೆಗೆ ಎನ್‌ಎಸ್‌ಯು ಎಂಬ ನವನಾಜಿ ಗುಂಪು ವಲಸೆ ಮೂಲದ ಒಂಬತ್ತು ಜನರನ್ನೂ ಒಬ್ಬ ಪೊಲೀಸ್ ಮಹಿಳೆಯನ್ನೂ ಕೊಂದಿತು. ಸತ್ತವರಲ್ಲಿ ಹೂವಿನ ವ್ಯಾಪಾರಿ, ದರ್ಜಿ, ಸಣ್ಣ ಅಂಗಡಿಯವರು ಇದ್ದರು. ತನಿಖೆ ವರ್ಷಗಟ್ಟಲೆ ಅವರ ಮನೆಯವರನ್ನೇ ಸುತ್ತಿತು: ಮಾದಕ ವಸ್ತುವಿನ ವ್ಯವಹಾರವಿತ್ತೆ, ಮಾಫಿಯಾ ಸಂಬಂಧವಿತ್ತೆ ಎಂದು. ನಿಜ ಹೊರಬಿದ್ದದ್ದು 2011ರಲ್ಲಿ. ಇದಕ್ಕಿಂತ ಸದ್ದಿಲ್ಲದ ರೂಪವೂ ಇದೆ. ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ ಜರ್ಮನಿಯ ಕಂಪನಿಗಳಿಗೆ ಒಂದೇ ಓದು, ಒಂದೇ ಅನುಭವ, ಒಂದೇ ಮುಖವಿರುವ ಕೆಲಸದ ಅರ್ಜಿಗಳನ್ನು ಕಳಿಸಿ ನೋಡಿದರು. ಹೆಸರು ಸಾಂಡ್ರಾ ಬಾವರ್ ಎಂದಿದ್ದಾಗ ನೂರರಲ್ಲಿ ಸುಮಾರು 19 ಅರ್ಜಿಗಳಿಗೆ ಸಂದರ್ಶನದ ಕರೆ ಬಂತು. ಮೆರ್ಯೆಮ್ ಓಜ್‌ತುರ್ಕ್ ಎಂದಿದ್ದಾಗ 14ಕ್ಕೆ ಇಳಿಯಿತು. ಮೆರ್ಯೆಮ್ ಫೋಟೊದಲ್ಲಿ ತಲೆಗೆ ವಸ್ತ್ರ ಕಟ್ಟಿದ್ದಾಗ ನಾಲ್ಕಕ್ಕೆ. ಹೊಂದಿಕೊಳ್ಳಿ ಎಂದು ಉಪದೇಶ ಮಾಡುವ ಯಾರೇ ಆಗಲಿ ಈ ಮೂರು ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಇನ್ನು ಎರಡನೆಯ ರಾತ್ರಿ. 2015ರಲ್ಲಿ ಸುಮಾರು 8 ಲಕ್ಷ 90 ಸಾವಿರ ಜನ ಆಶ್ರಯಕ್ಕಾಗಿ ಜರ್ಮನಿಗೆ ಬಂದರು. ನಮ್ಮಿಂದ ಇದು ಸಾಧ್ಯ ಎಂದು ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಹೇಳಿದ್ದು ಆಗ. ಸಾವಿರಾರು ನಾಗರಿಕರು ನಿಲ್ದಾಣಗಳಿಗೆ ಬಟ್ಟೆ, ಆಟಿಕೆ ಹೊತ್ತು ಹೋದರು. ಅದೇ ವರ್ಷದ ಕೊನೆಯ ರಾತ್ರಿ ಕೊಲೋನ್ ಕ್ಯಾಥೆಡ್ರಲ್ ಎದುರು ನೂರಾರು ಹೆಂಗಸರ ಮೇಲೆ ಲೈಂಗಿಕ ಹಲ್ಲೆಗಳಾದವು. ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಗುರುತಿಸಲ್ಪಟ್ಟ ಶಂಕಿತರಲ್ಲಿ ಹೆಚ್ಚಿನವರು ಉತ್ತರ ಆಫ್ರಿಕಾದ ಕಡೆಯವರು. ಮರುದಿನ ಬೆಳಿಗ್ಗೆ ಪೊಲೀಸರ ಪ್ರಕಟಣೆ ಮಾತ್ರ ರಾತ್ರಿ ಶಾಂತವಾಗಿ ಕಳೆಯಿತು ಎಂದಿತ್ತು. ಹಲ್ಲೆಯಷ್ಟೇ ಆ ಪ್ರಕಟಣೆಯೂ ಜನರ ನಂಬಿಕೆಯನ್ನು ಕೆಡಿಸಿತು. ಜನಾಂಗದ್ವೇಷಿ ಎನಿಸಿಕೊಳ್ಳುವ ಭಯಕ್ಕೆ ನಿಜವನ್ನು ಮುಚ್ಚಿದರೆ ಅದರ ಲಾಭ ನಿಜವಾದ ಜನಾಂಗದ್ವೇಷಿಗಳಿಗೇ.

2024ರ ಕೊಲೆಗಾರನ ಆಶ್ರಯದ ಅರ್ಜಿ ತಿರಸ್ಕೃತವಾಗಿತ್ತು. ಅವನು ಯುರೋಪಿಗೆ ಕಾಲಿಟ್ಟಿದ್ದ ಬಲ್ಗೇರಿಯಾಕ್ಕೆ ಅವನನ್ನು 2023ರಲ್ಲೇ ಕಳಿಸಬೇಕಿತ್ತು. ಅಧಿಕಾರಿಗಳು ಹೋದ ರಾತ್ರಿ ಅವನು ವಸತಿಯಲ್ಲಿರಲಿಲ್ಲ. ಮತ್ತೆ ಹೋಗಿ ನೋಡಲಿಲ್ಲ. ಗಡುವು ಮುಗಿಯಿತು, ಅವನು ಉಳಿದ. ಇಲ್ಲ ಎಂದ ಮೇಲೂ ಆ ಇಲ್ಲಕ್ಕೆ ಬೆಲೆ ಇಲ್ಲದಿದ್ದರೆ, ನಮ್ಮನ್ನು ಕೇಳುವವರೇ ಇಲ್ಲವೆ ಎಂದು ಊರಿನವರು ಸಿಟ್ಟಾಗುವುದು ಪೂರ್ವಗ್ರಹವಲ್ಲ.

ಅಪರಾಧದ ಅಂಕಿಗಳನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಹೇಳುತ್ತಾರೆ. 2023ರ ಪೊಲೀಸ್ ಲೆಕ್ಕದಲ್ಲಿ, ವೀಸಾ ಸಂಬಂಧದ ಅಪರಾಧಗಳನ್ನು ಬಿಟ್ಟರೂ, ಶಂಕಿತರಲ್ಲಿ ಸುಮಾರು ಶೇ 34 ಜನ ಜರ್ಮನ್ ಪೌರರಲ್ಲದವರು. ಜನಸಂಖ್ಯೆಯಲ್ಲಿ ಅವರ ಪಾಲು ಶೇ 15ರ ಆಸುಪಾಸು. ಈ ಅಂತರವನ್ನು ಇಲ್ಲವೆನ್ನಲಾಗದು. ಹಾಗೆಯೇ, ಬಂದವರಲ್ಲಿ ಹರೆಯದ ಗಂಡಸರೇ ಹೆಚ್ಚು, ಅವರು ನೆಲೆಸುವುದು ಹೇಗೂ ಅಪರಾಧ ಹೆಚ್ಚಿರುವ ದೊಡ್ಡ ಊರುಗಳಲ್ಲಿ, ಆ ಲೆಕ್ಕದಲ್ಲಿ ಪ್ರವಾಸಿಗರೂ ಸೇರಿರುತ್ತಾರೆ ಎಂಬುದನ್ನೂ ಬಿಡಲಾಗದು. ವಿದೇಶಿಯರು ಹೆಚ್ಚಾದ ಜಿಲ್ಲೆಗಳಲ್ಲಿ ಅದರಿಂದಲೇ ಅಪರಾಧ ಹೆಚ್ಚಾಯಿತು ಎನ್ನಲು ಆಧಾರ ಕಾಣಲಿಲ್ಲ ಎಂದು ಮ್ಯೂನಿಕ್‌ನ ಇಫೊ ಸಂಸ್ಥೆಯ ಅಧ್ಯಯನ 2025ರಲ್ಲಿ ಹೇಳಿತು. ಮೊದಲ ಅಂಕಿ ಹೇಳಿದವರನ್ನು ದ್ವೇಷಿ ಎಂದೂ, ಎರಡನೆಯದನ್ನು ಹೇಳಿದವರನ್ನು ಕುರುಡರೆಂದೂ ಕರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಸಂಸ್ಕೃತಿಯ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಜಗಳ ಜರ್ಮನರು ಒಂದು ಕಡೆ, ಟರ್ಕರು ಇನ್ನೊಂದು ಕಡೆ ಎಂಬಂತಿಲ್ಲ. ಇಸ್ತಾಂಬುಲ್‌ನಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ಸಮಾಜಶಾಸ್ತ್ರಜ್ಞೆ ನೆಜ್ಲಾ ಕೆಲೆಕ್ 2005ರಲ್ಲಿ, ಟರ್ಕಿಯಿಂದ ಹುಡುಗಿಯರನ್ನು ಮದುವೆಯ ಹೆಸರಲ್ಲಿ ತಂದು ನಾಲ್ಕು ಗೋಡೆಯೊಳಗೆ ಇಡುವ ಪದ್ಧತಿಯ ಬಗ್ಗೆ ಪುಸ್ತಕ ಬರೆದರು. ಮರುವರ್ಷ ಅರವತ್ತು ವಲಸೆ ತಜ್ಞರು ಬಹಿರಂಗ ಪತ್ರ ಬರೆದು, ಕೆಲವರ ಕಥೆಯನ್ನು ಇಡೀ ಸಮುದಾಯದ ಮುಖವಾಗಿಸಲಾಗಿದೆ ಎಂದು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು. ಆ ಮನೆಗಳೊಳಗಿನ ಹುಡುಗಿಯರಿಗೆ ಮಾತ್ರ ಆ ಪುಸ್ತಕವೇ ಹೆಚ್ಚು ಉಪಯೋಗಕ್ಕೆ ಬಂದಿರಬೇಕು ಎಂದು ನನಗೆ ಅನಿಸುತ್ತದೆ. ಅತಿಥಿ ಕಾರ್ಮಿಕರ ಮಗನಾಗಿ ಹುಟ್ಟಿ ಕೇಂದ್ರ ಸಚಿವರಾದ ಜೆಮ್ ಓಜ್ದೆಮಿರ್ 2024ರಲ್ಲಿ, ಬರ್ಲಿನ್‌ನ ಬೀದಿಗಳಲ್ಲಿ ತಮ್ಮ ಮಗಳು ವಲಸೆ ಮೂಲದ ಗಂಡಸರಿಂದ ಎದುರಿಸಬೇಕಾದ ಕಿರಿಕಿರಿಯ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಬಲಪಂಥೀಯರ ಮಾತನ್ನೇ ಆಡಿದಿರಿ ಎಂದು ಅವರ ಬಳಗದವರೇ ಕೆಲವರು ಬೇಸರಪಟ್ಟರು. ತಂದೆಯಾದವನು ಮಗಳ ಅನುಭವ ಹೇಳಲು ಯಾರ ಅಪ್ಪಣೆ ಬೇಕು?

ಹಾಗಾದರೆ ಆತಿಥೇಯ ಸಮಾಜ ಏನನ್ನು ಕೇಳಬಹುದು? ಭಾಷೆ ಕಲಿಯಿರಿ ಎನ್ನಬಹುದು. ಕಾನೂನು ಎಲ್ಲರಿಗೂ ಒಂದೇ, ಹೆಣ್ಣುಮಕ್ಕಳ ಓದು, ಮದುವೆ ಅವರವರ ಇಷ್ಟ ಎಂದು ಪಟ್ಟು ಹಿಡಿಯಬಹುದು, ಹಿಡಿಯಲೇಬೇಕು. ಡೆನ್ಮಾರ್ಕ್ ಇದಕ್ಕಿಂತ ಬಹಳ ಮುಂದೆ ಹೋಗಿದೆ. 2018ರ ಅದರ ಕಾನೂನುಗಳ ಪ್ರಕಾರ ಪಾಶ್ಚಾತ್ಯೇತರ ಮೂಲದವರು ಅರ್ಧಕ್ಕಿಂತ ಹೆಚ್ಚಿರುವ, ಬಡತನ, ಅಪರಾಧದಂಥ ಅಳತೆಗಳಲ್ಲೂ ಸಿಕ್ಕಿಬಿದ್ದ ವಸತಿ ಪ್ರದೇಶಗಳಿಗೆ ಬೇರೆಯೇ ನಿಯಮ. ಒಂದು ವರ್ಷ ತುಂಬಿದ ಮಗು ವಾರಕ್ಕೆ 25 ಗಂಟೆ ಶಿಶುಪಾಲನಾ ಕೇಂದ್ರದಲ್ಲಿರಬೇಕು, ಕೆಲವು ಅಪರಾಧಗಳಿಗೆ ಅಲ್ಲಿ ಇಮ್ಮಡಿ ಶಿಕ್ಷೆ ವಿಧಿಸಬಹುದು, ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದ ಪ್ರದೇಶಗಳಲ್ಲಿ ಸಾರ್ವಜನಿಕ ಕುಟುಂಬ ವಸತಿಯ ಪಾಲನ್ನು 2030ರೊಳಗೆ ಶೇ 40ಕ್ಕೆ ಇಳಿಸಬೇಕು. ಶಾಲೆಗೆ ಕಾಲಿಡುವ ಮೊದಲೇ ಮಗುವಿಗೆ ಡೇನಿಶ್ ಬರಲಿ ಎಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ಒಂದೇ ತಪ್ಪಿಗೆ ಬೀದಿ ನೋಡಿ ಶಿಕ್ಷೆ ಹೆಚ್ಚಿಸುವುದನ್ನು ಒಪ್ಪಲಾರೆ. ಅಲ್ಲೇ ಹುಟ್ಟಿದವರೂ ಅಪ್ಪ ಅಮ್ಮನ ಮೂಲದಿಂದಾಗಿ ಆ ಲೆಕ್ಕದಲ್ಲಿ ಪಾಶ್ಚಾತ್ಯೇತರರೇ. ಕೇಳುವುದಕ್ಕೊಂದು ಕೊನೆ ಇರಬೇಕು. ಇಂಥ ದಿನದಿಂದ ನೀನು ನಮ್ಮವನು, ಇನ್ನು ಪರೀಕ್ಷೆಯಿಲ್ಲ ಎನ್ನುವ ದಿನವೊಂದು ಬರಬೇಕು.

ಆ ದಿನ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಟರ್ಕಿ ಮೂಲದ ಫುಟ್‌ಬಾಲ್ ಆಟಗಾರ ಮೆಸುತ್ ಓಜಿಲ್‌ನ ಪ್ರಕರಣ ತೋರಿಸಿತು. ಗೆಲ್ಸೆನ್‌ಕಿರ್ಹೆನ್‌ನಲ್ಲಿ ಹುಟ್ಟಿ, 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದವನು. 2018ರಲ್ಲಿ, ಟರ್ಕಿಯ ಚುನಾವಣೆಯ ಹೊತ್ತಿಗೆ, ಎರ್ದೋಗಾನ್ ಜೊತೆ ನಿಂತು ಫೋಟೊ ತೆಗೆಸಿಕೊಂಡ. ಪತ್ರಕರ್ತರನ್ನು ಜೈಲಿಗಟ್ಟುತ್ತಿದ್ದ ಅಧ್ಯಕ್ಷರ ಜೊತೆ ಆ ಫೋಟೊ ಬೇಕಿತ್ತೆ ಎಂದು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಆ ಪ್ರಶ್ನೆ ಬಹುಬೇಗ ನೀನು ನಿಜವಾಗಿ ಜರ್ಮನನೇ ಎಂಬ ಪ್ರಶ್ನೆಯಾಯಿತು. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಹೇಳಿ ಆತ ರಾಷ್ಟ್ರೀಯ ತಂಡ ಬಿಟ್ಟ.

ಅಮೆರಿಕದ ದಾರಿ ಬೇರೆ. ಅಲ್ಲಿ 1868ರ ಸಂವಿಧಾನ ತಿದ್ದುಪಡಿಯಿಂದ ಆ ನೆಲದಲ್ಲಿ ಹುಟ್ಟಿದ ಮಗು ಪೌರ. ಎರಡನೆಯ ತಲೆಮಾರು ವಿದೇಶಿಯಾಗಿ ಬೆಳೆಯುವ ಪ್ರಶ್ನೆಯೇ ಏಳಲಿಲ್ಲ. ಆ ಹುಟ್ಟಿನ ಪೌರತ್ವವನ್ನೇ ಬದಲಿಸುವ ಪ್ರಯತ್ನ 2025ರಲ್ಲಿ ಶುರುವಾಯಿತು. ಹಾಗೆಂದು ಅಮೆರಿಕದ ಚರಿತ್ರೆ ಶುಭ್ರವಲ್ಲ: 1882ರಲ್ಲಿ ಚೀನಿಯರಿಗೆ ತಡೆ, 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರಿಗೆ ಪೌರತ್ವದ ನಿರಾಕರಣೆ, 1942ರಲ್ಲಿ ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರ ಬಂಧನ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸುವಂತಾದದ್ದು 1965ರ ಕಾನೂನು ದೇಶವಾರು ಪಕ್ಷಪಾತವನ್ನು ತೆಗೆದ ಮೇಲೆ.

ನಮ್ಮವರ ಒಂದು ವಾದವನ್ನು ಇಲ್ಲಿ ತೂಗಬೇಕು. ನಾವು ಓದಿದವರು, ತೆರಿಗೆ ಕಟ್ಟುವವರು, ನಮ್ಮನ್ನು ನಿರಾಶ್ರಿತರೊಡನೆ ಸೇರಿಸಬೇಡಿ ಎಂದು ಅಮೆರಿಕದಲ್ಲಿರುವ ಅನೇಕ ಭಾರತೀಯರು ಹೇಳುತ್ತಾರೆ. ತೆರಿಗೆಯ ಮಾತು ನಿಜ. ಆದರೆ ಫ್ಲಾರಿಡಾದ ಡಿಸ್ನಿಯಲ್ಲಿ ಕೆಲಸ ಕಳೆದುಕೊಂಡ ತಂತ್ರಜ್ಞರು ತಮ್ಮ ಜಾಗಕ್ಕೆ ಎಚ್‌-1ಬಿ ವೀಸಾದಲ್ಲಿ ಬಂದ ನೌಕರರಿಗೆ ತಾವೇ ಕೆಲಸ ಕಲಿಸಿ ಹೋಗಬೇಕಾಯಿತು. ಆ ಮನೆಗಳಲ್ಲಿ ಹುಟ್ಟಿದ ಸಿಟ್ಟನ್ನು ಬರೀ ದ್ವೇಷ ಎಂದು ತಳ್ಳಿಹಾಕುವುದು ಅನ್ಯಾಯ. ಇನ್ನು ಒಳ್ಳೆಯ ವಲಸಿಗ, ಕೆಟ್ಟ ವಲಸಿಗ ಎಂಬ ಗೆರೆಯ ಬಗ್ಗೆ: 2017ರಲ್ಲಿ ಕ್ಯಾನ್ಸಸ್‌ನ ಬಾರೊಂದರಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್‌ನನ್ನು ಕೊಂದವನು, ತಾನು ಇರಾನಿಯರಿಗೆ ಗುಂಡು ಹೊಡೆದೆ ಎಂದುಕೊಂಡಿದ್ದ. ನಾವು ಎಳೆದುಕೊಳ್ಳುವ ಗೆರೆ ದ್ವೇಷಿಸುವವನ ಕಣ್ಣಿಗೆ ಕಾಣುವುದೇ ಇಲ್ಲ.

ಈಗ ಜರ್ಮನಿಯೂ ಭಾರತದತ್ತ ನೋಡುತ್ತಿದೆ. ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು ಹೊರಡುವ ಹುಡುಗ ಹುಡುಗಿಯರಿಗೆ ಆ ನಾಡಿನ ಎರಡೂ ಮುಖ ತಿಳಿದಿರುವುದು ಒಳ್ಳೆಯದು. ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷ 2025ರ ಫೆಬ್ರುವರಿಯ ಚುನಾವಣೆಯಲ್ಲಿ ಐದರಲ್ಲೊಂದು ಮತ ಪಡೆಯಿತು. ಅದರ ಬಲ ಹೆಚ್ಚಿರುವುದು ವಿದೇಶಿಯರು ಕಡಿಮೆ ಇರುವ ಪೂರ್ವದ ರಾಜ್ಯಗಳಲ್ಲಿ. ಸಮಾನ ಸ್ಥಾನದಲ್ಲಿ, ಒಂದೇ ಗುರಿಗಾಗಿ ಕೂಡಿ ದುಡಿಯುವಾಗ ಪೂರ್ವಗ್ರಹ ಕರಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು. ವೈವಿಧ್ಯ ಹೆಚ್ಚಿದ ಕಡೆ ಮೊದಮೊದಲು ನೆರೆಹೊರೆಯವರ ನಡುವಿನ ನಂಬಿಕೆ ಕುಗ್ಗುತ್ತದೆ ಎಂದು ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2007ರಲ್ಲಿ ಅಮೆರಿಕದ ಸಮೀಕ್ಷೆಯಿಂದ ತೋರಿಸಿದರು. ಇಬ್ಬರ ಮಾತೂ ಸರಿಯಿರಬಹುದು. ಒಂದೇ ಬೀದಿಯಲ್ಲಿ ಇರುವುದು ಬೇರೆ, ಒಂದೇ ಪಾಳಿಯಲ್ಲಿ ಕೆಲಸ ಮಾಡುವುದು ಬೇರೆ. 2015ರಲ್ಲಿ ಬಂದವರಲ್ಲಿ ಹತ್ತು ವರ್ಷಗಳ ಹೊತ್ತಿಗೆ ಗಂಡಸರಲ್ಲಿ ಸುಮಾರು ಮುಕ್ಕಾಲು ಪಾಲು ದುಡಿಮೆಗೆ ಹತ್ತಿದ್ದಾರೆ. ಹೆಂಗಸರಲ್ಲಿ ಮೂರರಲ್ಲಿ ಒಬ್ಬರು ಮಾತ್ರ. ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದು ಬಹಳ ದಿನ ಕಡೆಗಣಿಸಲಾಗದ ಸುದ್ದಿ.

ನನ್ನ ತೀರ್ಮಾನ ಇಷ್ಟು. ವಲಸೆಯ ದೇಶವೊಂದು ಎರಡು ಮಾತು ಉಳಿಸಿಕೊಳ್ಳಬೇಕು. ಇರು ಎಂದವರನ್ನು ಪೂರ್ತಿಯಾಗಿ ಇರಗೊಡಬೇಕು, ಅವರ ಮೊಮ್ಮಕ್ಕಳನ್ನು ಇನ್ನೂ ಅತಿಥಿಗಳಂತೆ ಕಾಣಬಾರದು. ಬೇಡ ಎಂದವರನ್ನು, ಅವರ ಅಹವಾಲು ನ್ಯಾಯವಾಗಿ ಕೇಳಿದ ಮೇಲೆ, ನಿಜವಾಗಿಯೂ ಕಳಿಸಬೇಕು. 1993ರ ರಾತ್ರಿಯ ಹಿಂದೆ ಮೊದಲ ಮಾತು ಮುರಿದಿತ್ತು, 2024ರ ರಾತ್ರಿಯ ಹಿಂದೆ ಎರಡನೆಯದು. ಮುರಿದ ಮಾತಿನಿಂದ ಕೊಲೆಗಾರರ ಹೊಣೆ ಕಡಿಮೆಯಾಗುವುದಿಲ್ಲ. ಆದರೆ ಸುತ್ತಲಿನ ಸಮಾಜದ ಭಯ, ಅಪನಂಬಿಕೆಗಳು ಆ ಮುರುಕಿನಲ್ಲೇ ಬೆಳೆದವು.

2024ರಲ್ಲಿ ಜರ್ಮನಿ ಸುಮಾರು 2 ಲಕ್ಷ 92 ಸಾವಿರ ಜನರಿಗೆ ಪೌರತ್ವ ಕೊಟ್ಟಿತು, ಅವರಲ್ಲಿ ಸಿರಿಯಾದವರೇ ಹೆಚ್ಚು. ಅದೇ ವರ್ಷ ಡಿಸೆಂಬರ್ 8ರಂದು ಡಮಾಸ್ಕಸ್‌ನಲ್ಲಿ ಅಸಾದ್ ಆಡಳಿತ ಬಿತ್ತು. ಮರುದಿನವೇ ಸಿಡಿಯು ನಾಯಕ ಯೆನ್ಸ್ ಸ್ಪಾನ್, ಮರಳುವ ಸಿರಿಯನ್ನರಿಗೆ ವಿಮಾನ ಮಾಡಿ ಕೊಟ್ಟು ತಲೆಗೆ 1,000 ಯೂರೊ ಕೊಡಬಹುದಲ್ಲವೆ ಎಂದರು. ಸಿರಿಯಾದ ವೈದ್ಯರು ಹೋದರೆ ಚಿಕಿತ್ಸೆಗೆ ತೊಂದರೆಯಾದೀತು ಎಂದು ಆಸ್ಪತ್ರೆಗಳ ಒಕ್ಕೂಟ ಎಚ್ಚರಿಸಿತು. ವಿದೇಶಿ ವೈದ್ಯರಲ್ಲಿ ಅವರದೇ ಅತಿ ದೊಡ್ಡ ಗುಂಪು. ಮನಸಾರೆ ಹೋಗಬಯಸುವವರಿಗೆ ಟಿಕೆಟ್ ಕೊಡುವುದರಲ್ಲಿ ತಪ್ಪಿಲ್ಲ. ವೈದ್ಯರ ವಿಷಯ ಹೇಗೋ ಬಗೆಹರಿಯುತ್ತದೆ, ಅವರು ಬೇಕಾದವರು. 2015ರಲ್ಲಿ ಒಂದನೇ ತರಗತಿಗೆ ಸೇರಿ ಈಗ ಅಲ್ಲೇ ಹೈಸ್ಕೂಲು ಮುಗಿಸುತ್ತಿರುವ, ಯಾವ ವಿಶೇಷ ಅರ್ಹತೆಯೂ ಇಲ್ಲದ, ಇನ್ನೂ ಪೌರತ್ವ ಸಿಗದ ಸಾಮಾನ್ಯ ಹುಡುಗನಿಗೆ ಏನು ಹೇಳಬೇಕು ಎಂಬುದನ್ನು ಬರ್ಲಿನ್ ಇನ್ನೂ ನಿರ್ಧರಿಸಿಲ್ಲ.